ಮೆಟ್ಟಿಲು ಹತ್ತುವಾಗ ಏದುಸಿರು: ಅಳೆಯುವುದು ಹೇಗೆ, ವೈದ್ಯರಿಗೆ ಹೇಳಬೇಕಾದದ್ದು ಏನು?

ಎರಡು ಮಹಡಿ ಹತ್ತಿದ ಮೇಲೆ ಉಸಿರು ಜೋರಾಗುವುದು ಆರೋಗ್ಯವಂತರಲ್ಲೂ ಸಹಜ. ದುಡಿಯುವ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುವುದರಿಂದ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ನಡೆಯುವ ಉಸಿರಾಟ ಚುರುಕಾಗುತ್ತದೆ, ಎದೆಬಡಿತವೂ ಏರುತ್ತದೆ. ನಿಂತು ಸುಧಾರಿಸಿಕೊಂಡಾಗ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮೊದಲಿನಂತಾದರೆ ಸಾಮಾನ್ಯವಾಗಿ ಆತಂಕ ಬೇಡ. ಆದರೆ ಆರು ತಿಂಗಳ ಹಿಂದೆ ಸಲೀಸಾಗಿ ಹತ್ತುತ್ತಿದ್ದ ಅದೇ ಮೆಟ್ಟಿಲುಗಳನ್ನು ಈಗ ನಡುವೆ ಕಂಬಿ ಹಿಡಿದು ನಿಂತು ಹತ್ತಬೇಕಾಗಿದ್ದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಬಾರದು.

ಮೊದಲು ಏದುಸಿರಿನ ಮಟ್ಟವನ್ನು ಗುರುತಿಸಿಕೊಳ್ಳಿ. ವೈದ್ಯರು ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯೊಂದನ್ನು ಬಳಸುತ್ತಾರೆ. ತೀರಾ ಶ್ರಮದ ಕೆಲಸದಲ್ಲಿ ಮಾತ್ರ ಏದುಸಿರು ಬಂದರೆ ಸೊನ್ನೆ. ಬಿರುಸಾಗಿ ನಡೆದಾಗ ಅಥವಾ ಸಣ್ಣ ಏರು ಹತ್ತಿದಾಗ ಬಂದರೆ ಒಂದು. ಸಮತಟ್ಟಾದ ದಾರಿಯಲ್ಲೂ ಓರಗೆಯವರಿಗಿಂತ ಹಿಂದೆ ಬೀಳುವುದು ಎರಡು, ಸುಮಾರು ನೂರು ಮೀಟರ್ ನಡೆದು ನಿಲ್ಲಬೇಕಾಗುವುದು ಮೂರು, ಬಟ್ಟೆ ಹಾಕಿಕೊಳ್ಳುವುದಕ್ಕೂ ಮೇಲುಸಿರು ಬರುವುದು ನಾಲ್ಕು.

ಈ ಅಳತೆಯೂ ಮೋಸ ಹೋಗಬಹುದು. ಉಸಿರು ಕಟ್ಟುವ ಕೆಲಸಗಳನ್ನು ನಾವು ಅರಿವಿಲ್ಲದೆಯೇ ಬಿಡುತ್ತಾ ಬರುತ್ತೇವೆ. ತುಂಬಿದ ಬಿಂದಿಗೆ ಎತ್ತುತ್ತಿದ್ದವರು ಅರ್ಧ ಬಿಂದಿಗೆಗೆ ಇಳಿಯುತ್ತಾರೆ, ಒಗೆದ ಬಟ್ಟೆಯನ್ನು ತಾರಸಿಗೆ ಒಯ್ಯುವ ಕೆಲಸ ಮಗಳ ಪಾಲಾಗುತ್ತದೆ, ಸಂತೆಗೆ ನಡೆದು ಹೋಗುತ್ತಿದ್ದವರು ಆಟೋ ಹತ್ತುತ್ತಾರೆ. ಕೇಳಿದರೆ ಮಾತ್ರ ‘ಉಸಿರಿಗೇನೂ ತೊಂದರೆಯಿಲ್ಲ’ ಎನ್ನುತ್ತಾರೆ. ಆದ್ದರಿಂದ ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸಗಳನ್ನು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಪಾಸಣೆಯ ಕೋಣೆಯಲ್ಲಿ ಈ ಚೀಟಿಯ ಬೆಲೆ ದೊಡ್ಡದು.

ಅನಂತರ ಜೊತೆಗಿರುವ ಲಕ್ಷಣಗಳನ್ನು ಗಮನಿಸಿ. ಅಂಗಾತ ಮಲಗಿದರೆ ಉಸಿರು ಕಟ್ಟಿ ದಿಂಬಿನ ಮೇಲೆ ದಿಂಬು ಇಡಬೇಕಾಗುವುದು, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುವುದು, ಪಾದದ ಊತವನ್ನು ಬೆರಳಿನಿಂದ ಒತ್ತಿದಾಗ ಗುಳಿ ಉಳಿಯುವುದು ಹೃದಯದ ಕಡೆಗೆ ಬೆರಳು ತೋರಿಸುತ್ತವೆ. ಸುಂಯ್‌ಗುಡುವ ಉಸಿರು ಮತ್ತು ಹಳೆಯ ಕೆಮ್ಮು ಶ್ವಾಸಕೋಶದ ಕಾಯಿಲೆಯನ್ನು ಸೂಚಿಸಬಹುದು. ಬೀಡಿ, ಸಿಗರೇಟು ಮುಟ್ಟದಿದ್ದರೂ ಬಹುಕಾಲ ಸೌದೆ ಒಲೆಯ ಹೊಗೆ ಕುಡಿದ ಮಹಿಳೆಯರಿಗೂ ಇದು ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯದ ರಕ್ತನಾಳದ ತೊಂದರೆ ಎದೆನೋವಿಲ್ಲದೆ ಬರೀ ಏದುಸಿರಾಗಿಯೂ ಕಾಣಿಸಿಕೊಳ್ಳಬಹುದು. ಏದುಸಿರಿನ ಕಾರಣಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಡೆಗಣಿಸಲ್ಪಡುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಅದು ಇತ್ತು.

ಮನೆಯಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟ ನೋಡುವ ಆಕ್ಸಿಮೀಟರ್ ಇದ್ದರೆ ಉಗುರುಬಣ್ಣ ತೆಗೆದು, ಕೈ ಬೆಚ್ಚಗಿರುವಾಗ, ಐದು ನಿಮಿಷ ಕುಳಿತು ನೋಡಿ. ಸಾಮಾನ್ಯವಾಗಿ ಅದು ಶೇ 95 ಅಥವಾ ಅದಕ್ಕಿಂತ ಮೇಲಿರಬೇಕು. ಅಷ್ಟಿದೆ ಎಂದು ನಿಶ್ಚಿಂತರಾಗಬೇಡಿ: ಈ ಸಾಧನ ಹಿಮೋಗ್ಲೋಬಿನ್‌ನ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ತೀವ್ರ ರಕ್ತಹೀನತೆಯಲ್ಲೂ ಅದು 98 ತೋರಿಸಬಹುದು.

ಹಿಮೋಗ್ಲೋಬಿನ್, ಇಸಿಜಿ, ಎದೆಯ ಎಕ್ಸ್‌–ರೇ, ಅಗತ್ಯವಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮತ್ತು ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಗಳಿಂದ ಬಹುಪಾಲು ಕಾರಣಗಳು ಗೊತ್ತಾಗುತ್ತವೆ. ಕಾರಣ ತಿಳಿಯುವ ಮೊದಲೇ ಅಂಗಡಿಯಿಂದ ಕೆಮ್ಮಿನ ಸಿರಪ್ಪನ್ನೋ ಬೇರೆಯವರ ಇನ್‌ಹೇಲರನ್ನೋ ತಂದು ಬಳಸಬೇಡಿ.

ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಎದೆಯಲ್ಲಿ ಬಿಗಿತ, ತುಟಿ ನೀಲಿಗಟ್ಟುವುದು, ಒಂದು ವಾಕ್ಯ ಮುಗಿಸಲಾಗದಿರುವುದು, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲು ಬಾತು ನೋಯುವುದರ ಜೊತೆಗೆ ದಿಢೀರ್ ಉಸಿರಾಟದ ತೊಂದರೆ – ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ನಡೆಸಬೇಡಿ, ಮಲಗಿಸಲೂ ಬೇಡಿ. ಕುರ್ಚಿಯಲ್ಲಿ ಕೂರಿಸಿ, ತುಸು ಮುಂದೆ ಬಾಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿ, ಕತ್ತಿನ ಬಳಿಯ ಬಟ್ಟೆ ಸಡಿಲಿಸಿ.