ಬೋಟಿಂಗ್ ಟ್ರಿಪ್ ದಾರೀಲಿ ದುರ್ಗ ನೋಡೋದು ಹೇಗೆ

ಫ್ರೆಂಡ್ಸ್ ಜೊತೆ ಬೆಂಗ್ಳೂರಿಂದ ಗೋವಾಕ್ಕೆ ಬೋಟಿಂಗ್‌ಗೆ ಹೊರಟಿದ್ರೆ ಚಿತ್ರದುರ್ಗದಲ್ಲಿ ಅರ್ಧ ದಿನ ನಿಲ್ಲಿಸ್ರಪ್ಪಾ, ಹೈವೇ ಪಕ್ಕದಲ್ಲೇ ಇರೋ ಏಳು ಸುತ್ತಿನ ಕೋಟೆನ ಕಾರಿಂದಾನೇ ನೋಡ್ಕೊಂಡು ಹೋಗೋದು ನಂಗಂತೂ ಸರಿ ಅನ್ಸಲ್ಲ.

ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದ್ರೆ ಬಂಡೆ ಕಾದು ನಡೆಯೋಕಾಗಲ್ಲ. ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ನೀರಿನ ಬಾಟಲಿ ತಗೊಳ್ಳಿ, ತಿಂಡಿ ಕವರ್ ಮಾತ್ರ ಕೈಲಿ ಹಿಡ್ಕೋಬೇಡಿ ಕೋತಿ ಬಿಡಲ್ಲ. ಗೈಡ್ ಒಬ್ರನ್ನ ಮಾಡ್ಕೊಳ್ಳಿ, ರೇಟು ಮೊದ್ಲೇ ಮಾತಾಡಿ ಎಲ್ರೂ ಹಂಚ್ಕೊಂಡ್ರೆ ಭಾರ ಆಗಲ್ಲ.

ಓಬವ್ವನ ಕಿಂಡಿ ಹತ್ರ ಅವಸರ ಮಾಡ್ಬೇಡಿ. ಒಬ್ಬೊಬ್ರೇ ಬಗ್ಗಿ ನುಸುಳಿ ನೋಡಿ, ಎರಡೂ ಕಡೆ ಬಂಡೆ ಭುಜಕ್ಕೆ ತಾಗುತ್ತೆ, ಹೈದರಾಲಿ ಸೈನಿಕರನ್ನ ಒಬ್ಬಳೇ ಒನಕೆ ಹಿಡ್ಕೊಂಡು ಹೇಗೆ ತಡೆದ್ಲು ಅಂತ ಆಗ ಗೊತ್ತಾಗುತ್ತೆ. ಆಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಮಳೆನೀರು ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯೋ ಹಾಗೆ ಮಾಡಿದಾರೆ, ಅಂಚಲ್ಲಿ ಪಾಚಿ ಇರುತ್ತೆ ಸೆಲ್ಫಿಗೆ ಇಳೀಬೇಡಿ.

ಕೋಟೆ ಇಳಿದ ಮೇಲೆ ದಾವಣಗೆರೆ ಸುಮಾರು 60 ಕಿಮೀ, ಅಲ್ಲಿ ಬೆಣ್ಣೆ ದೋಸೆ ತಿಂದು ಹುಬ್ಬಳ್ಳಿ ಕಡೆ ಗಾಡಿ ಬಿಡಿ.