ಒಂದೇ ಪೆನ್ಸಿಲ್ ಚಿತ್ರಕ್ಕೆ ಎರಡು ಸ್ಕ್ಯಾನ್: ನನ್ನ ಅನುಭವ

ಕೋಲಾರದ ಫ್ಲೆಕ್ಸ್ ಅಂಗಡಿಯವರಿಂದ ಹಿಡಿದು ಫೋಟೋ ಸ್ಟುಡಿಯೋದವರ ತನಕ ಪೆನ್ಸಿಲ್ ಚಿತ್ರದ ಪ್ರತಿ ತೆಗೆಯುವ ಬಗ್ಗೆ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: "ಮೇಷ್ಟ್ರೇ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಆ್ಯಪ್‌ನಲ್ಲಿ ಹಿನ್ನೆಲೆ ಬಿಳಿ ಮಾಡಿ, ಕೆಲಸ ಮುಗಿಯಿತು. ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ?" ಈಗ ಅದೇ ಮಂದಿ ತಮ್ಮ ಗಿರಾಕಿಗಳು ತಂದ ಪೆನ್ಸಿಲ್ ಚಿತ್ರಗಳನ್ನು ನನ್ನ ಮನೆಗೆ ಕಳಿಸುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಸ್ಕ್ಯಾನರ್ ಬಳಸಿ, ಗಿಂಪ್, ಫೋಟೋಶಾಪ್‌ನಂಥ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಲೇಯರ್ (ಒಂದರ ಮೇಲೊಂದು ಇಡುವ ಚಿತ್ರಪದರ) ಜೋಡಿಸಿ ಅಭ್ಯಾಸವಿರುವವರಿಗೆ ಈ ಬರಹ. ಯಾವ ಗುಂಡಿ ಎಲ್ಲಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ನನ್ನ ಮುಖ್ಯ ಕೆಲಸ ಹಿರಿಯರ ಭಾವಚಿತ್ರ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಹೊಸೂರು, ಚೆನ್ನೈ ಎಂದು ಚದುರಿಹೋದರು. ತಂದೆಯದೋ ತಾತನದೋ ಹಳೆಯ ಗುರುತಿನ ಚೀಟಿಯಿಂದ ಕಿತ್ತ ಸಣ್ಣ ಫೋಟೋ ತಂದುಕೊಟ್ಟು, ಎ3 ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆಸುತ್ತಾರೆ. ಮೂಲ ಚಿತ್ರ ಹಿರಿಯ ಮಗನ ಮನೆಗೆ ಹೋಗುತ್ತದೆ. ಉಳಿದ ಮೂವರು ತಮಗೂ ಬೇಕು ಎನ್ನುತ್ತಾರೆ. ಇನ್ನೂ ಮೂರು ಸಲ ಬರೆಯುವ ತಾಳ್ಮೆ ನನಗಿಲ್ಲ, ಬರೆಸುವಷ್ಟು ಹಣ ಅವರಲ್ಲಿಲ್ಲ. ಹೀಗಾಗಿ ಪ್ರತಿ ಬೇಕು, ಮೂಲದ ಪಕ್ಕದಲ್ಲಿಟ್ಟರೂ ಅದು ಕಳೆಗುಂದಬಾರದು.

ಮೊಬೈಲ್ ಆ್ಯಪ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಅವನ್ನು ರೂಪಿಸಿರುವುದು ರಸೀದಿ, ಪಹಣಿಯಂಥ ಅಕ್ಷರದ ಹಾಳೆಗಳಿಗಾಗಿ. ಸುತ್ತಲಿನ ಬೆಳಕು ನೋಡಿ, ಅದಕ್ಕಿಂತ ತುಸುವೇ ಗಾಢವಾದುದನ್ನೆಲ್ಲ ಕೊಳೆ ಎಂದು ತಿಳಿದು ಬಿಳಿ ಮಾಡಿಬಿಡುತ್ತವೆ. ಕೆನ್ನೆಯ ಮೇಲೆ ಎಚ್‌ಬಿ ಪೆನ್ಸಿಲಿನಲ್ಲಿ ಒಂದು ಸಂಜೆಯೆಲ್ಲ ಕೂತು ತಂದ ತಿಳಿ ನೆರಳು ಅದಕ್ಕೆ ಕೊಳೆಯೇ. ತಾತನ ಮುಖದಲ್ಲಿ ಕಣ್ಣು, ಮೀಸೆ, ಮೂಗಿನ ಹೊಳ್ಳೆ ಮಾತ್ರ ಉಳಿಯುತ್ತವೆ.

ಆಮೇಲೆ ಬಂದದ್ದು ತೆಳ್ಳನೆಯ ಸ್ಕ್ಯಾನರ್. ಹೊಸದಕ್ಕೆ 4,500 ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ಈ ಜಾತಿಯಲ್ಲಿ ಸೆನ್ಸರ್ ಗಾಜಿಗೆ ಅಂಟಿಕೊಂಡಂತೆ ಓಡುತ್ತದೆ. ಕಾಗದ ಗಾಜಿನಿಂದ ಕೂದಲೆಳೆಯಷ್ಟು ಮೇಲೆದ್ದರೂ ಅಲ್ಲಿ ಮಸುಕು. ಒತ್ತಿ ಶೇಡ್ ಮಾಡಿದ ಡ್ರಾಯಿಂಗ್ ಹಾಳೆ ಎಂದಿಗೂ ಚಪ್ಪಟೆಯಾಗಿರುವುದಿಲ್ಲ, ಮೇಲೆ ಭಾರ ಹೇರಿದರೆ ಸೀಸ ಗಾಜಿಗೆ ಹತ್ತುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಹೊಳಪು. ಮೆತ್ತಗಿನ, ಗಾಢವಾದ 8ಬಿ ಪೆನ್ಸಿಲಿನಲ್ಲಿ ಗಟ್ಟಿಯಾಗಿ ತುಂಬಿದ ಕಪ್ಪು ಕೋಟು ಸ್ಕ್ಯಾನ್‌ನಲ್ಲಿ ಬೂದು ಬಣ್ಣವಾಗಿ ಬರುತ್ತಿತ್ತು. ಪೆನ್ಸಿಲಿನ ಸೀಸ ಎಂದರೆ ಗ್ರ್ಯಾಫೈಟ್, ಹೊಳೆಯುವ ವಸ್ತು. ಸ್ಕ್ಯಾನರಿನ ದೀಪ ಓರೆಯಾಗಿ ಬಿದ್ದರೂ ಕಾಗದದ ಉಬ್ಬುತಗ್ಗುಗಳ ಮೇಲಿನ ಸೀಸದಿಂದ ಆ ಬೆಳಕಿನ ಒಂದು ಪಾಲು ಸೆನ್ಸರಿಗೆ ಮರಳುತ್ತದೆ. ಲೆವೆಲ್ಸ್ (ಕಪ್ಪು-ಬಿಳುಪಿನ ಮಟ್ಟ) ಎಳೆದು ಕೋಟನ್ನು ಕಪ್ಪು ಮಾಡಿದರೆ ಕೆನ್ನೆಗೆ ಮಸಿ ಬಳಿದಂತಾಗುತ್ತದೆ, ಕೆನ್ನೆ ಉಳಿಸಿದರೆ ಕೋಟು ಬೂದಿ. ಆ ಸ್ಕ್ಯಾನರನ್ನು 2,000ಕ್ಕೆ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಅಲ್ಲಿ ಆಧಾರ್ ಕಾರ್ಡುಗಳ ನಡುವೆ ಅದು ಸುಖವಾಗಿದೆ.

ಕಪ್ಪು ಜಾಗಕ್ಕೆ ಚಾರ್ಕೋಲ್ ಬಳಸಿ, ಹೊಳೆಯುವುದಿಲ್ಲ ಎಂದು ಕಲಾವಿದ ಮಿತ್ರರೊಬ್ಬರು ಸಲಹೆ ಕೊಟ್ಟರು. ಮಾತು ನಿಜ. ಆದರೆ ಒಂದೇ ಮುಖದಲ್ಲಿ ಸೀಸವೂ ಇದ್ದಿಲೂ ಸೇರಿದರೆ ಮೂಲ ಚಿತ್ರವೇ ಎರಡು ಕೈಗಳು ಬರೆದಂತೆ ಕಾಣುತ್ತದೆ. ಸ್ಕ್ಯಾನರಿಗಾಗಿ ಚಿತ್ರ ಬರೆಯುವವನು ನಾನಲ್ಲ.

ಬೆಂಗಳೂರಿನಲ್ಲಿ ವೃತ್ತಿಪರರ ಬಳಿ ಸ್ಕ್ಯಾನ್ ಮಾಡಿಕೊಡಲು ಕೇಳಿದಾಗ ಒಂದು ಎ3ಗೆ 1,500 ರೂಪಾಯಿ ಎಂದರು. ನನ್ನ ಪ್ರತಿಯ ಬೆಲೆಯೇ ಅದಕ್ಕಿಂತ ಕಡಿಮೆ. ಅಲ್ಲಿಂದ ಎಸ್.ಪಿ. ರಸ್ತೆಗೆ ಹೋಗಿ ಹಳೆಯ, ದಪ್ಪನೆಯ ಸಿಸಿಡಿ ಸ್ಕ್ಯಾನರ್ ಒಂದನ್ನು 3,000ಕ್ಕೆ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಒಳಗೆ ಕನ್ನಡಿ, ಮಸೂರ ಇರುವ ಈ ಜಾತಿಗೆ ಕಾಗದ ಎರಡು ಮೂರು ಮಿಲಿಮೀಟರ್ ಮೇಲೆದ್ದರೂ ಚಿಂತೆಯಿಲ್ಲ. ಮಸುಕು ಹೋಯಿತು. ಹೊಳಪು ಹಾಗೆಯೇ ಉಳಿಯಿತು.

ಕೊನೆಗೆ ಕೆಲಸ ಮಾಡಿದ ವಿಧಾನ ಇದು. ಚಿತ್ರವನ್ನು ಒಮ್ಮೆ ನೆಟ್ಟಗೆ, ಇನ್ನೊಮ್ಮೆ ತಲೆಕೆಳಗಾಗಿ ಇಟ್ಟು ಸ್ಕ್ಯಾನ್ ಮಾಡಬೇಕು. ದೀಪ ಯಾವಾಗಲೂ ಒಂದೇ ಕಡೆಯಿಂದ ಬೀಳುವುದರಿಂದ ಕಾಗದದ ಪ್ರತಿ ತರಿಗೂ ಒಂದು ಪಕ್ಕ ನೆರಳು, ಇನ್ನೊಂದು ಪಕ್ಕ ಬೆಳಕು. ಹಾಳೆಯನ್ನು 180 ಡಿಗ್ರಿ ತಿರುಗಿಸಿದರೆ ನೆರಳು ಪಕ್ಕ ಬದಲಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಕೂರಿಸಿ, ಮೇಲಿನದರ ಒಪಾಸಿಟಿ ಶೇ. 50 (ಅರ್ಧ ಪಾರದರ್ಶಕ) ಮಾಡಿದರೆ ತರಿ ತನ್ನಷ್ಟಕ್ಕೆ ತಾನೇ ಬಹುಪಾಲು ಅಳಿಸಿಹೋಗುತ್ತದೆ, ಗೆರೆ ಉಳಿಯುತ್ತದೆ. ಯಾವ ಫಿಲ್ಟರೂ ಬೇಡ. ಇನ್ನು ಕೋಟು, ಕೂದಲು ಇರುವ ಕಡೆ ಮಾತ್ರ ಮಾಸ್ಕ್ ಹಾಕಿ ಮೇಲಿನ ಲೇಯರನ್ನು ಡಾರ್ಕನ್ ಮೋಡ್‌ಗೆ ಬದಲಿಸುತ್ತೇನೆ. ಎರಡರಲ್ಲಿ ಯಾವುದು ಕಡಿಮೆ ಹೊಳೆದಿದೆಯೋ ಅದು ನಿಲ್ಲುತ್ತದೆ. ಇಡೀ ಚಿತ್ರಕ್ಕೆ ಡಾರ್ಕನ್ ಹಾಕಿದರೆ ಎರಡೂ ಪಕ್ಕದ ನೆರಳು ಸೇರಿ ಕಾಗದ ಮರಳು ಕಾಗದವಾಗುತ್ತದೆ, ಜೋಕೆ.

ಗೆರೆಗಳು ಹೆಚ್ಚಾಗಿ ಯಾವ ಕಡೆಗೆ ಹರಿದಿವೆ ಎಂದು ನೋಡಿ, ಕೆಲವು ಚಿತ್ರಗಳಿಗೆ ಮೂರನೆಯ ಸ್ಕ್ಯಾನ್ ಒಂದನ್ನು ಬೇರೆ ಕೋನದಲ್ಲಿ ತೆಗೆಯುತ್ತೇನೆ. ಆ ಕೋನವನ್ನು ಹೇಗೆ ಗೊತ್ತುಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಹೇಳಲು ಸುಲಭ, ಕೂರಿಸುವುದೇ ಪಾಡು. 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಒಂದು ಪಿಕ್ಸೆಲ್ ಎಂದರೆ ಮಿಲಿಮೀಟರಿನ ಇಪ್ಪತ್ತನಾಲ್ಕನೆಯ ಒಂದು ಭಾಗ. ಒಂದು ಪಿಕ್ಸೆಲ್ ಸರಿದರೆ ರೆಪ್ಪೆಯ ಕೂದಲು ಮಂಕಾಗುತ್ತದೆ. ಸ್ಕ್ಯಾನರಿನ ಗಾಡಿ ಓಡುವ ದಿಕ್ಕಿನಲ್ಲಿ ಚಿತ್ರ ಒಂದೊಂದು ಕಡೆ ಒಂದೊಂದಿಷ್ಟು ಹಿಗ್ಗುವುದರಿಂದ ಬರೀ ತಿರುಗಿಸಿ ಸರಿಸಿದರೆ ಸಾಲದು. ಪನೋರಮಾ ಫೋಟೋ ಹೊಲಿಯಲು ಇರುವ ಹಗಿನ್ ಎಂಬ ಉಚಿತ ತಂತ್ರಾಂಶ ಇಲ್ಲಿ ಕೈಹಿಡಿಯಿತು. ಕಣ್ಣಿನ ಮೂಲೆ, ಗುಂಡಿ, ಕಾಲರ್ ತುದಿ ಎಂದು ಕಂಟ್ರೋಲ್ ಪಾಯಿಂಟ್‌ಗಳನ್ನು ಇಟ್ಟರೆ ಅದೇ ಎಳೆದು ಕೂರಿಸಿಕೊಡುತ್ತದೆ.

ನನ್ನದು ಎ4 ಗಾಜು. ಎ3 ಹಾಳೆಯನ್ನು ಲೆಕ್ಕದ ಪ್ರಕಾರ ಎರಡು ತುಂಡಿನಲ್ಲಿ ತೆಗೆಯಬಹುದು, ಆದರೆ ಗಾಜಿನ ಅಗಲ 216 ಮಿಲಿಮೀಟರ್, ಅರ್ಧ ಎ3 210. ಒಂದರ ಮೇಲೊಂದು ಬರುವ ಅಂಚು ಒಂದು ಸೆಂಟಿಮೀಟರ್ ಚಿಲ್ಲರೆ, ಅದೂ ಚೌಕಟ್ಟಿನ ಏಣಿನ ಮೇಲೆ. ಆದ್ದರಿಂದ ಮೂರು ತುಂಡು, ತಲೆಕೆಳಗಾಗಿ ಮತ್ತೆ ಮೂರು. ಮುಚ್ಚಳವನ್ನು ಕಳಚಿಯೇ ಇಟ್ಟಿದ್ದೇನೆ. ಹಾಳೆಯ ಬೆನ್ನಿಗೆ ಕಪ್ಪು ಚಾರ್ಟ್ ಪೇಪರ್ ಇಟ್ಟರೆ ಹಿಂಬದಿಯ ಬರಹ ಮುಂದಕ್ಕೆ ಇಣುಕುವುದಿಲ್ಲ. ಬೂದು ಛಾಯೆಗಳನ್ನು ಬಹಳ ನುಣ್ಣಗೆ ಬೇರ್ಪಡಿಸಿ ದಾಖಲಿಸುವ 16 ಬಿಟ್ ಗ್ರೇಯಲ್ಲಿ ಒಂದೊಂದು ತುಂಡು 70 ಎಂಬಿಯ ಹತ್ತಿರ. 8 ಜಿಬಿ ರ್‍ಯಾಮ್‌ನ ನನ್ನ ಕಂಪ್ಯೂಟರ್ ಏದುಸಿರು ಬಿಡುತ್ತದೆ, ಆದರೂ 8 ಬಿಟ್‌ಗೆ ಇಳಿಯಬೇಡಿ. ತಿಳಿ ನೆರಳನ್ನು ಎಳೆದಾಗ ಕೆನ್ನೆಯಲ್ಲಿ ಮೆಟ್ಟಿಲು ಮೂಡುತ್ತದೆ. ಗಿಂಪ್‌ನಲ್ಲಿ 2018ರ 2.10 ಆವೃತ್ತಿಯಿಂದ ಇದಕ್ಕೆ ಅನುಕೂಲವಿದೆ. ಸ್ಕ್ಯಾನರಿನ ಆಟೋ ಎಕ್ಸ್‌ಪೋಷರ್, ಶಾರ್ಪನ್ ಎಲ್ಲವನ್ನೂ ಮೊದಲು ಆರಿಸಿ, ಇಲ್ಲವಾದರೆ ಆರು ತುಂಡಿಗೆ ಆರು ಬಣ್ಣ.

ಇನ್ನೊಂದು ಕಾಟ ಕರೆಂಟಿನದು. ಹಳೆಯ ಸ್ಕ್ಯಾನರಿನ ಕೊಳವೆ ದೀಪ ಬಿಸಿಯಾಗಲು ಸಮಯ ಬೇಕು. ನಾಲ್ಕನೆಯ ತುಂಡಿನಲ್ಲಿ ಕರೆಂಟು ಹೋಗಿ ಬಂದರೆ ದೀಪ ತಣ್ಣಗಾಗಿ ಮುಂದಿನ ತುಂಡು ಬೇರೆಯೇ ಛಾಯೆಯಲ್ಲಿ ಬರುತ್ತದೆ, ಮೊದಲಿನಿಂದ ಶುರು. 2,800 ಕೊಟ್ಟು ಯುಪಿಎಸ್ ಹಾಕಿಸಿದೆ. ಸ್ಕ್ಯಾನರಿಗಿಂತ ಹೆಚ್ಚು ಉಪಕಾರ ಮಾಡಿದ್ದು ಅದೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಕಾಗದದ ಬಣ್ಣ ತೆಗೆಯುವುದಕ್ಕೆ ಹೆಚ್ಚಿನವರು ಚಿತ್ರವನ್ನೇ ನಕಲು ಮಾಡಿ, ಜೋರಾಗಿ ಬ್ಲರ್ ಮಾಡಿ, ಡಿವೈಡ್ ಮೋಡ್‌ನಲ್ಲಿ (ಒಂದರ ಬೆಳಕನ್ನು ಇನ್ನೊಂದರಿಂದ ಭಾಗಿಸುವ ವಿಧ) ಹಾಕುತ್ತಾರೆ. ಗೆರೆ ಚಿತ್ರಕ್ಕೆ ಅದು ಸರಿ. ಭಾವಚಿತ್ರಕ್ಕೆ ಹಾಕಿದರೆ ಕೋಟಿನ ನಡುಭಾಗ ಸವೆದು, ಅಂಚಿನ ಸುತ್ತ ಬಿಳಿ ಪ್ರಭಾವಳಿ ಏಳುತ್ತದೆ. ತಾತನನ್ನು ದೇವರು ಮಾಡಬೇಕೆಂದಿದ್ದರೆ ಮಾಡಿಕೊಳ್ಳಿ. ನಾನು ಅದೇ ಪ್ಯಾಡಿನ ಖಾಲಿ ಹಾಳೆಯೊಂದನ್ನು ಅದೇ ಹೊತ್ತಿನಲ್ಲಿ ಸ್ಕ್ಯಾನ್ ಮಾಡಿ, 200 ಪಿಕ್ಸೆಲ್‌ನಷ್ಟು ಬ್ಲರ್ ಮಾಡಿ, ಅದರಿಂದ ಡಿವೈಡ್ ಮಾಡುತ್ತೇನೆ. ಕಾಗದದ ಹಳದಿ, ದೀಪದ ಏರುಪೇರು ಮಾತ್ರ ಹೋಗುತ್ತವೆ, ಚಿತ್ರವನ್ನು ಯಾರೂ ಮುಟ್ಟುವುದಿಲ್ಲ. ಆ ಖಾಲಿ ಹಾಳೆಯನ್ನು ಮೊದಲೇ ತುಸು ತಿಳಿಗೊಳಿಸಿದರೆ ಕಾಗದ 255ಕ್ಕೆ (0 ಪೂರ್ತಿ ಕಪ್ಪು, 255 ಪೂರ್ತಿ ಬಿಳಿ) ಮುಟ್ಟದೆ 245–248ರ ಸುತ್ತ ನಿಲ್ಲುತ್ತದೆ. ಹಣೆಯ ಬೆಳಕು ಕಾಗದದೊಳಗೆ ಕರಗುವುದು ಈ ಏಳರಿಂದ ಹತ್ತು ಅಂಕಿಗಳಲ್ಲಿಯೇ. ಕಪ್ಪನ್ನು 18–20ರಲ್ಲಿ ಬಿಡುತ್ತೇನೆ. ಸೀಸ ಎಂದೂ ಪೂರ್ತಿ ಕಪ್ಪಲ್ಲ, ಮುದ್ರಣದಲ್ಲೂ ಅದಕ್ಕಿಂತ ಕೆಳಗೆ ಎಲ್ಲವೂ ಒಂದೇ ಕಪ್ಪು ಮುದ್ದೆ.

ರಬ್ಬರಿನ ಪುಡಿಯನ್ನು ಸ್ಕ್ಯಾನ್‌ಗೆ ಮುಂಚೆ ಮೆತ್ತನೆಯ ಬ್ರಷ್‌ನಿಂದ ತೆಗೆದರೆ ಹತ್ತು ನಿಮಿಷ, ಆಮೇಲೆ ಹೀಲಿಂಗ್ ಬ್ರಷ್ ಹಿಡಿದರೆ ಎರಡು ಗಂಟೆ. ಕೋಲಾರದ ಬೇಸಿಗೆಯ ಧೂಳಿನಲ್ಲಿ ಫ್ಯಾನ್ ಆರಿಸಿಯೇ ಈ ಕೆಲಸ.

ನಡುವೆ ಕೆಲವು ಅಡ್ಡದಾರಿಗಳು. ಅಂದಾಜು ಗೆರೆಗಳನ್ನು ತಿಳಿನೀಲಿ ಪೆನ್ಸಿಲ್‌ನಲ್ಲಿ ಹಾಕಿ, ಮೇಲೆ ಸೀಸದಲ್ಲಿ ತಿದ್ದಿ, ಕಲರ್‌ನಲ್ಲಿ ಸ್ಕ್ಯಾನ್ ಮಾಡಿ ನೀಲಿ ಚಾನೆಲ್ (ಚಿತ್ರದ ನೀಲಿ ಬೆಳಕಿನ ಪಾಲು) ಮಾತ್ರ ಉಳಿಸಿಕೊಂಡರೆ ಅಂದಾಜು ಗೆರೆಗಳು ಹೆಚ್ಚೂಕಡಿಮೆ ಮಾಯ. ಸೋಮೇಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬಗಳನ್ನು ಬರೆಯುವಾಗ ಇದು ಬಹಳ ಒದಗಿತು. ಅಷ್ಟು ಕೆತ್ತನೆಗೆ ಅಂದಾಜು ಗೆರೆಯಿಲ್ಲದೆ ಕೈಯೇ ಓಡದು, ರಬ್ಬರಿಟ್ಟು ಉಜ್ಜಿದರೆ ಕಾಗದ ಎದ್ದುಬರುತ್ತದೆ. ಇದರ ತಿರುವುಮುರುವು ಕೆಂಪು ಚಾನೆಲ್: ಮುಳಬಾಗಿಲಿನ ಒಂದು ಮನೆಯವರು ತಂದ, ಕಾಫಿ ಚೆಲ್ಲಿದ ಹಳೆಯ ಚಿತ್ರವೊಂದರಲ್ಲಿ ಕಲೆಯ ಮುಕ್ಕಾಲು ಪಾಲು ಆ ಚಾನೆಲ್‌ನಲ್ಲಿ ಕಾಣಿಸಲೇ ಇಲ್ಲ. ಅವರು ನನ್ನನ್ನು ಮಾಂತ್ರಿಕನೆಂದೇ ತಿಳಿದರು, ನಾನೂ ತಿದ್ದಲು ಹೋಗಲಿಲ್ಲ.

ಮುದ್ರಣದಲ್ಲಿ ಕಳೆದ ಹಣಕ್ಕೆ ಲೆಕ್ಕವಿಲ್ಲ. ಗ್ರೇ ಫೈಲ್ ಕೊಟ್ಟರೂ ಒಂದು ಅಂಗಡಿಯಲ್ಲಿ ನಾಲ್ಕೂ ಬಣ್ಣದ ಶಾಯಿ ಬೆರೆಸಿ ಮುದ್ರಿಸಿ, ಮೂರು ಪ್ರತಿಗಳು ಮೂರು ಬಗೆಯ ಹಸಿರು ಛಾಯೆಯಲ್ಲಿ ಬಂದವು. ಇನ್ನೊಂದು ಕಡೆ ಕೇಳದೆಯೇ ಗ್ಲಾಸಿ ಕಾಗದ ಹಾಕಿಕೊಟ್ಟರು. ಅಷ್ಟೆಲ್ಲ ಪಾಡುಪಟ್ಟು ತೆಗೆದ ಹೊಳಪು 300 ರೂಪಾಯಿಗೆ ಮರಳಿ ಬಂತು. ಈಗ ಬೆಂಗಳೂರಿನಲ್ಲಿ ಮ್ಯಾಟ್ ಕಾಗದದ ಮೇಲೆ, ಹಲವು ಬೂದು ಶಾಯಿಗಳಿರುವ ಇಂಕ್‌ಜೆಟ್‌ನಲ್ಲಿ ಹಾಕಿಸುತ್ತೇನೆ. ಎ3 ಒಂದಕ್ಕೆ 350ರ ಆಸುಪಾಸು. ನಾನು ತೆಗೆದುಕೊಳ್ಳುವುದು 900. ಮೂಲ ಚಿತ್ರಕ್ಕೆ 5,000. ಒಂದು ಮನೆಯಿಂದ ಮೂರು ಪ್ರತಿ ಹೋದರೂ ಸಾಕು, ಹಾಕಿದ ಬಂಡವಾಳ ಒಂದು ಮಳೆಗಾಲದೊಳಗೆ ಮರಳಿತು. ಮೂಲವನ್ನೂ ಪ್ರತಿಯನ್ನೂ ಅಕ್ಕಪಕ್ಕ ಕಟ್ಟು ಹಾಕಿಸಿದ ಒಂದು ಮನೆಯಲ್ಲಿ ಅಣ್ಣತಮ್ಮಂದಿರು ಯಾವುದು ಯಾವುದೆಂದು ನನಗೆ ಫೋನ್ ಮಾಡಿ ಕೇಳಿದ್ದರು. ಹಿಂದೆ ಸಹಿ ನೋಡಿ ಎಂದೆ.

ಎ2 ಚಿತ್ರಗಳನ್ನು ಮಾತ್ರ ಇನ್ನೂ ಒಪ್ಪಿಕೊಳ್ಳುತ್ತಿಲ್ಲ. ಅವಕ್ಕೆ ಕ್ಯಾಮೆರಾವೇ ಗತಿ. ರಿಪೇರಿ ಅಂಗಡಿಯಿಂದ ಕೆಟ್ಟ ಎಲ್‌ಸಿಡಿ ಮಾನಿಟರ್ ತಂದು, ಅದರ ಪೋಲರೈಸರ್ ಹಾಳೆ (ಬೆಳಕಿನ ಕಂಪನವನ್ನು ಒಂದೇ ದಿಕ್ಕಿನಲ್ಲಿ ಬಿಡುವ ಹಾಳೆ) ಕಿತ್ತು ಎರಡು ದೀಪಗಳ ಮುಂದೆ ಹಿಡಿದು, ಮಸೂರದ ಮುಂದಿನ ಪೋಲರೈಸರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದಾಗ ಸೀಸದ ಹೊಳಪು ಪೂರ್ತಿ ಆರಿಹೋಯಿತು. 8ಬಿಯ ಕಪ್ಪನ್ನು ಅಷ್ಟು ಗಾಢವಾಗಿ ಯಾವ ಸ್ಕ್ಯಾನಿನಲ್ಲೂ ಕಂಡಿಲ್ಲ. ಹಾಳೆಯ ಅಂಟು ಬಿಡದೆ ನಡುವೆ ಮೋಡದಂಥ ಕಲೆ ನಿಂತಿದೆ. ಸೀಮೆಎಣ್ಣೆ, ಸ್ಪಿರಿಟ್ ಎರಡನ್ನೂ ನೋಡಿದ್ದಾಯಿತು. "ಇನ್ನೊಂದು ಮಾನಿಟರ್ ತೆಗೆದಿಟ್ಟಿದ್ದೇನೆ, 150 ಕೊಡಿ" ಎಂದು ಅಂಗಡಿಯವರು ಹೇಳಿದ್ದಾರೆ. ನೂರಕ್ಕೆ ಇಳಿದರೆ ತರುತ್ತೇನೆ.