ಹಳೆ ಪಿಕಪ್ಪಿಗೆ ಸಾಲಿಡ್ ಆಕ್ಸಲ್: ಪುಣೆಯ ಭೋಸರಿಯ ಶೆಡ್ಡಿನಲ್ಲಿ ನಾವು ಮಾಡಿದ್ದು

ಪಿಕಪ್ಪಿಗೆ ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಡ್ಡ ತೊಲೆ) ಹಾಕಿಸಿದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: ಆಕ್ಸಲ್ ಎಲ್ಲಿ ಸಿಕ್ಕಿತು? ದುಡ್ಡು ಕೊಟ್ಟರೆ ಆಕ್ಸಲ್ ಎಲ್ಲಾದರೂ ಸಿಗುತ್ತದೆ. ನಮ್ಮ ತಲೆ ತಿಂದದ್ದು ಸ್ಟೀರಿಂಗ್.

ಭಾವನ ತೋಟ ಭೋರ್ ತಾಲ್ಲೂಕಿನಲ್ಲಿದೆ. ಗದ್ದೆಯಿಂದ ಮೇಲಿನ ಮಾವಿನ ತೋಪಿಗೆ ಹೋಗುವ ದಾರಿ ಬರೀ ಕಲ್ಲು. ಮಳೆಗಾಲದಲ್ಲಿ ಅದೇ ದಾರಿ ಹಳ್ಳವಾಗುತ್ತದೆ. ನಮ್ಮದು ಹಳೆಯ ಡಬಲ್ ಕ್ಯಾಬ್ ಡೀಸೆಲ್ ಪಿಕಪ್, ಫೋರ್ ವ್ಹೀಲ್ ಡ್ರೈವ್. ಮುಂದೆ ಇದ್ದದ್ದು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಇರುವ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡೂ ಚಕ್ರ ಬೇರೆ ಬೇರೆಯಾಗಿ ಆಡುವಂಥದ್ದು. ಹೆದ್ದಾರಿಗೆ ಅದು ಒಳ್ಳೆಯದೇ. ಆದರೆ ದೊಡ್ಡ ಕಲ್ಲು ಹತ್ತುವಾಗ ಚಕ್ರ ಕೆಳಗೆ ಇಳಿಯುವುದು ಅಷ್ಟಕ್ಕಷ್ಟೇ, ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ. ಅಂಥ ದಾರಿಯಲ್ಲಿ ಬಾಲ್ ಜಾಯಿಂಟು, ಸಿವಿ ಜಾಯಿಂಟಿನ ರಬ್ಬರ್ ಬೂಟು ಎಷ್ಟು ದಿನ ಬಾಳುತ್ತವೆ ಹೇಳಿ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರಚನೆಯನ್ನು ನಮ್ಮಿಷ್ಟದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಇರುವ ಪುಣೆಯಲ್ಲೇ ಕೂತು ಇಂಥ ಗಾಡಿಯನ್ನು ರಸ್ತೆಗೆ ತಂದರೆ ಅದಕ್ಕಿಂತ ದಡ್ಡತನ ಇಲ್ಲ. ಈ ಪಿಕಪ್ ಈಗ ತೋಟದ ಗೇಟು ದಾಟುವುದಿಲ್ಲ. ಭೋಸರಿಗೆ ಹೋದದ್ದೂ ಬಂದದ್ದೂ ಟೋಯಿಂಗ್ ಗಾಡಿಯ ಮೇಲೆ.

ಆಕ್ಸಲಿಗೆ ಹಳೆ ಮಹೀಂದ್ರಾ ಜೀಪು ನೋಡಿದೆ, ಮಾರುತಿ ಜಿಪ್ಸಿಯದ್ದನ್ನೂ ನೋಡಿದೆ. ಎರಡರಲ್ಲೂ ಮುಂದೆ ಸಾಲಿಡ್ ಆಕ್ಸಲೇ. ಜಿಪ್ಸಿ ಹಗುರ ಗಾಡಿ, ಅದರ ಆಕ್ಸಲಿನ ಮೇಲೆ ಈ ಡೀಸೆಲ್ ಎಂಜಿನ್ ಹೊರಿಸಲು ಮನಸ್ಸಾಗಲಿಲ್ಲ. ಜೀಪಿನದ್ದೇ ತಂದೆ. ಅಗಲ ಸ್ವಲ್ಪ ಕಡಿಮೆ ಬಿತ್ತು, ಆಫ್‌ಸೆಟ್ ಇರುವ ರಿಮ್ ಹಾಕಿ ಸರಿದೂಗಿಸಿದೆ. ಕೊಳ್ಳುವಾಗ ಎರಡು ವಿಷಯ ನೋಡಲೇಬೇಕು. ಟ್ರಾನ್ಸ್‌ಫರ್ ಕೇಸಿನಿಂದ (ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಶಾಫ್ಟು ಯಾವ ಬದಿಗೆ ಬರುತ್ತದೋ ಆಕ್ಸಲಿನ ಡಿಫರೆನ್ಷಿಯಲ್ (ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗಿಯರ್ ಗುಂಡು) ಕೂಡ ಅದೇ ಬದಿಗೆ ಇರಬೇಕು. ಇನ್ನೊಂದು ರೇಷಿಯೋ. ಹೌಸಿಂಗ್ ಕವರ್ ಬಿಚ್ಚಿ ಹಲ್ಲು ಎಣಿಸಿ. ದೊಡ್ಡ ಗಿಯರು ಕ್ರೌನಿನಲ್ಲಿ 43, ಅದನ್ನು ತಿರುಗಿಸುವ ಚಿಕ್ಕ ಗಿಯರು ಪಿನಿಯನ್ನಿನಲ್ಲಿ 8 ಇದ್ದರೆ 5.38. 39ಕ್ಕೆ 8 ಇದ್ದರೆ 4.88. ಹಿಂದಿನ ಆಕ್ಸಲಿನ ಲೆಕ್ಕವೂ ಅಷ್ಟೇ ಬರಬೇಕು. ಇಲ್ಲದಿದ್ದರೆ ಫೋರ್ ವ್ಹೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ವೇಗ, ಹಿಂದಿನದು ಇನ್ನೊಂದು ವೇಗ, ಗಿಯರುಗಳು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ನಮಗೆ ಹೊಂದಲಿಲ್ಲ, ಕ್ರೌನ್-ಪಿನಿಯನ್ ಬದಲಾಯಿಸಬೇಕಾಯಿತು.

ಬಿಚ್ಚುವ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಹಳೆ ಸಸ್ಪೆನ್ಷನ್ನಿನ ಆರ್ಮುಗಳನ್ನು ಹಿಡಿದಿದ್ದ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ತೊಲೆ) ತೆಗೆದರೆ ಚಾಸಿಯ ಬಲವೂ ಹೋಗುತ್ತದೆ. ಅದಕ್ಕೇ ಮೊದಲು ದಪ್ಪ ಪೈಪಿನ ಹೊಸ ಕ್ರಾಸ್ ಮೆಂಬರ್ ಕೂರಿಸಿ, ಆಮೇಲೆ ಹಳೆಯದನ್ನು ಕತ್ತರಿಸಿದೆವು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎರಡನ್ನೂ ಬಿಚ್ಚಿಡಿ.

ಹೊಸ ಆಕ್ಸಲಿಗೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕಟ್ಟುವಾಗ ಪೂರ್ತಿ ಸೆಟ್ ಹಾಕಲಿಲ್ಲ. ಉದ್ದನೆಯ ಮೇಲಿನ ಪಟ್ಟಿ ಒಂದನ್ನೇ ಕಟ್ಟಿ, ಜಾಕ್ ಇಟ್ಟು ಆಕ್ಸಲನ್ನು ಮೇಲೆ ಕೆಳಗೆ ಆಡಿಸಿದೆವು. ಒಂದೇ ಪಟ್ಟಿ ಇದ್ದರೆ ಜಾಕಿಗೆ ಸುಲಭವಾಗಿ ಬಗ್ಗುತ್ತದೆ. ಡಿಫರೆನ್ಷಿಯಲ್ ಎಂಜಿನ್ ಸಂಪಿಗೆ ತಾಗುತ್ತದಾ, ಶಾಫ್ಟಿನ ಸ್ಲಿಪ್ ಜಾಯಿಂಟು ಒಳಗೆ ಎಷ್ಟು ಹೋಗುತ್ತದೆ, ಬ್ರೇಕ್ ಹೋಸ್ ಎಲ್ಲಿ ಬಿಗಿಯುತ್ತದೆ, ಎಲ್ಲ ಕಣ್ಣಿಗೆ ಕಂಡಿತು. ಆಕ್ಸಲ್ ಮೇಲಕ್ಕೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪಿನ ಎತ್ತರ ಅಲ್ಲೇ ಗೊತ್ತಾಯಿತು. ಪಟ್ಟಿಯ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಆಡುವ ಕೊಂಡಿ, ಅಂದರೆ ಶ್ಯಾಕಲ್, ಹಿಂದಕ್ಕೆ ಇಟ್ಟೆವು. ಚಕ್ರ ಕಲ್ಲಿಗೆ ಬಡಿದಾಗ ಆಕ್ಸಲ್ ಸ್ವಲ್ಪ ಹಿಂದೆ ಸರಿಯುತ್ತದೆ, ಹೊಡೆತ ಮೆತ್ತಗಾಗುತ್ತದೆ.

ಇನ್ನು ಸ್ಟೀರಿಂಗ್. ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಎಂಬ ಗೂಟದ ಸುತ್ತ. ಕಿಂಗ್‌ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಅದೇ ಕ್ಯಾಸ್ಟರ್. ಅದಿಲ್ಲದಿದ್ದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಆದರೆ ಇಡೀ ಆಕ್ಸಲನ್ನೇ ಹಿಂದಕ್ಕೆ ವಾಲಿಸಿದರೆ ಪಿನಿಯನ್ನಿನ ಮೂತಿ ಕೆಳಗೆ ಹೋಗುತ್ತದೆ. ಆಗ ಶಾಫ್ಟಿನ ಜಾಯಿಂಟು ಜಾಸ್ತಿ ಬಗ್ಗಿ ಒದರುತ್ತದೆ. ಒಂದು ಸರಿಹೋದರೆ ಇನ್ನೊಂದು ಕೆಡುತ್ತದೆ. ಪಟ್ಟಿಯ ಕೆಳಗೆ ಓರೆ ತಗಡು ಕೊಟ್ಟು ಹೊಂದಿಸಿಕೊಳ್ಳುವವರಿದ್ದಾರೆ. ಗಾಡಿಯನ್ನು ಇಷ್ಟು ಎತ್ತಿದ ಮೇಲೆ ಅದು ಸಾಲದು. ನಾವು ಮೊದಲು ಪಿನಿಯನ್ನಿನ ಕೋನ ಹೊಂದಿಸಿ ಪಟ್ಟಿ ಕೂರುವ ಕುರ್ಚಿಗಳನ್ನು ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಮಾಡಿದೆವು. ಆಮೇಲೆ ಆಕ್ಸಲ್ ಪೈಪಿನ ಎರಡೂ ತುದಿಯ ವೆಲ್ಡನ್ನು ಗ್ರೈಂಡ್ ಮಾಡಿ, ನಕಲ್ (ಚಕ್ರವನ್ನು ಹೊತ್ತು ತಿರುಗುವ ತುಂಡು) ಹಿಡಿಯುವ ತುದಿಗಳನ್ನಷ್ಟೇ ತಿರುಗಿಸಿದೆವು. ಕಿಂಗ್‌ಪಿನ್ನಿನ ಮೇಲಿನ ಚಪ್ಪಟೆ ಮುಖದ ಮೇಲೆ ಡಿಜಿಟಲ್ ಕೋನಮಾಪಕ ಇಟ್ಟು, ಸುತ್ತಿಗೆಯಿಂದ ಸಣ್ಣ ಸಣ್ಣ ಏಟು ಹಾಕುತ್ತಾ 5 ಡಿಗ್ರಿಗೆ ತಂದೆವು. ಎಡಕ್ಕೂ ಬಲಕ್ಕೂ ಒಂದೇ ಅಂಕಿ ಬರುವವರೆಗೆ ಯಾರೂ ಟೀ ಕುಡಿಯಲಿಲ್ಲ.

ವೆಲ್ಡರ್ ಅಣ್ಣ ವಿಜಯಪುರದ ಕಡೆಯವರು. ಬೇಗ ಮುಗಿಸೋಣ ಅಂದಿದ್ದಕ್ಕೆ, "ತಡೀರಿ ಸಾಹೇಬ್ರ, ಒಮ್ಮೆಲೇ ಎಳದ್ರ ಪೈಪು ಬಾಳಿಹಣ್ಣಿನಂಗ ಬಗ್ಗತದ್ರೀ" ಅಂದರು. ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಬದಿಗೆ, ಆರಲು ಬಿಟ್ಟು ಮತ್ತೆ. ಡಿಫರೆನ್ಷಿಯಲ್ ಗುಂಡಿನ ಎರಕದ ಕಬ್ಬಿಣದ ಹತ್ತಿರಕ್ಕೂ ಟಾರ್ಚ್ ತರಲಿಲ್ಲ.

ಹಳೆಯ ರ್‍ಯಾಕ್ ಸ್ಟೀರಿಂಗ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಚಾಸಿಯಲ್ಲಿ ಕದಲದೆ ಕೂತಿರುತ್ತದೆ, ಆಕ್ಸಲ್ ಪೂರ್ತಿಯಾಗಿ ಮೇಲೆ ಕೆಳಗೆ ಆಡುತ್ತದೆ. ಪವರ್ ಸ್ಟೀರಿಂಗ್ ಬಾಕ್ಸ್ ಬೇಕೇ ಬೇಕು. ಬಾಕ್ಸ್ ಬಲಗಡೆ ಚಾಸಿಯ ಮೇಲೆ, ಅಲ್ಲಿಂದ ಡ್ರ್ಯಾಗ್ ಲಿಂಕ್ ಎಂಬ ಸರಳು ಅಡ್ಡವಾಗಿ ಎಡ ಚಕ್ರದ ನಕಲಿಗೆ. ಲಿಂಕು ಉದ್ದವಿದ್ದಷ್ಟೂ, ನೆಲಕ್ಕೆ ಸಮವಾಗಿ ಮಲಗಿದಷ್ಟೂ ಒಳ್ಳೆಯದು. ಅದು ಓರೆಯಾಗಿದ್ದರೆ ಗುಂಡಿ ಸಿಕ್ಕಾಗ ನೀವು ಮುಟ್ಟದಿದ್ದರೂ ಚಕ್ರ ತಾನೇ ತಿರುಗುತ್ತದೆ. ಬಾಕ್ಸಿನ ಪಿಟ್‌ಮನ್ ಆರ್ಮ್ (ಡ್ರ್ಯಾಗ್ ಲಿಂಕನ್ನು ಆಡಿಸುವ ತೋಳು) ಮೊದಲು ಹಿಂದಕ್ಕೆ ಚಾಚಿದ್ದರೆ, ಅದನ್ನು ಮುಂದಕ್ಕೆ ತಿರುಗಿಸಿ ಕೂರಿಸುವ ಆಸೆ ಬೇಡ. ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ! ಚಾಸಿಯಲ್ಲಿ ಬೋಲ್ಟು ಹೋಗುವ ಕಡೆ ತೂತಿನೊಳಗೆ ಪೈಪಿನ ತುಂಡು ಕೂರಿಸಿ ಬೆಸೆಸಿದೆ, ಹೊರಗೆ ದಪ್ಪ ಪ್ಲೇಟು. ಸುಮ್ನೆ ಬೋಲ್ಟು ಬಿಗಿದರೆ ಪೊಳ್ಳು ಚಾಸಿ ಒಳಕ್ಕೆ ಕುಸಿಯುತ್ತದೆ, ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತದೆ. ಈ ಕೆಲಸಕ್ಕೆ ಮಾತ್ರ ಚೌಕಾಸಿ ಮಾಡಬೇಡಿ.

ಟೋ ಇನ್, ಅಂದರೆ ಮುಂದಿನ ಚಕ್ರಗಳ ಮೂತಿ ಎಷ್ಟು ಒಳಕ್ಕಿದೆ ಅಂತ ನೋಡಲು ಯಂತ್ರ ಬೇಕಿಲ್ಲ. ಒಂದೊಂದು ಟೈರಿನ ಮೈಯ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದು, ಮುಂದೊಮ್ಮೆ ಹಿಂದೊಮ್ಮೆ ಟೇಪು ಹಿಡಿದರೆ ಆಯಿತು. ಮುಂದೆ 2-3 ಮಿಲಿಮೀಟರ್ ಕಡಿಮೆ ಇಟ್ಟೆ. ಕಿಂಗ್‌ಪಿನ್ ಬೇರಿಂಗುಗಳನ್ನು ಹೊಸದಾಗಿಯೇ ಹಾಕಿದ್ದು. ಅವು ಸಡಿಲವಾದರೆ ಒಂದು ವೇಗದಲ್ಲಿ ಮುಂಭಾಗ ಪೂರ್ತಿ ಗಡಗಡ ನಡುಗುತ್ತದೆ, ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಈಗ ಪಿಕಪ್ ತೋಪಿನವರೆಗೆ ನಾಲ್ಕೂ ಚಕ್ರ ಊರಿ ಹತ್ತುತ್ತದೆ. ಸಮ ನೆಲದಲ್ಲಿ ಮಾತ್ರ ಮೊದಲಿಗಿಂತ ಎತ್ತಿಹಾಕುತ್ತದೆ, ಚಕ್ರದ ಜೊತೆ ಅಷ್ಟೂ ಕಬ್ಬಿಣ ಮೇಲೆ ಕೆಳಗೆ ಆಡುತ್ತದಲ್ವಾ. ಹೆದ್ದಾರಿಯಲ್ಲೇ ಓಡಾಡುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ಪಟ್ಟಿಯನ್ನು ಆಕ್ಸಲಿಗೆ ಕಟ್ಟುವ ಯು-ಬೋಲ್ಟುಗಳನ್ನು ಮೊದಲ ಕೆಲವು ಓಡಾಟದ ನಂತರ ಮತ್ತೆ ಬಿಗಿದೆ, ಎಲ್ಲವೂ ಸ್ವಲ್ಪ ಸಡಿಲವಾಗಿದ್ದವು. ಜೂನ್ ಬರುವ ಮುಂಚೆ ನಕಲಿನ ಸೀಲು ಬದಲಾಯಿಸಿ ಗ್ರೀಸ್ ತುಂಬಬೇಕು, ಭೋರ್ ಕಡೆಯ ಮಳೆಗೆ ಹಳೆ ಸೀಲು ತಡೆಯುವುದಿಲ್ಲ.